ನಂಬರ್ ಸೇವ್ ಮಾಡಿಕೊಂಡವರು ಎಷ್ಟು ಜನ?

ಈ ಸಲ ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಬ್ಲಾಗಿನ ಸಂಪಾದನೆ ಬಗ್ಗೆಯೇ ಇವೆ. ಚಿಕ್ಕಮಗಳೂರಿನಲ್ಲಿ ಮೂರು ದಿನದಿಂದ ಬಿಡದೆ ಮಳೆ. ಕರೆಂಟು ಬಂದಾಗ ಬಂದಷ್ಟು ಬರೆದಿದ್ದೇನೆ. ಹಾಗಾಗಿ ಮೊದಲ ಉತ್ತರ ಉದ್ದವಾಯಿತು, ಉಳಿದವು ಗಿಡ್ಡ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಪ್ರಶ್ನೆ: 2017ರಿಂದ ಮಲೆನಾಡಿನ ಪ್ರವಾಸದ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದೇನೆ. ಕೆಲಸ ಬಿಟ್ಟು ಇದನ್ನೇ ನೆಚ್ಚಿಕೊಂಡೆ. ಇತ್ತೀಚೆಗೆ ಓದುಗರು ಅರ್ಧಕ್ಕರ್ಧ ಇಳಿದಿದ್ದಾರೆ. ಗೂಗಲ್‌ನಲ್ಲಿ ಏನು ಹುಡುಕಿದರೂ ಪುಟದ ತುದಿಯಲ್ಲೇ ಎಐ ಉತ್ತರ ಕೊಟ್ಟುಬಿಡುತ್ತದೆ, ನನ್ನ ಪುಟದವರೆಗೆ ಯಾರೂ ಬರುವುದಿಲ್ಲ. ಬ್ಲಾಗ್ ಮುಚ್ಚಿ ಯೂಟ್ಯೂಬ್‌ಗೆ ಹೋಗಲೇ?
– ಓದುಗರೊಬ್ಬರು, ಮೂಡಿಗೆರೆ

ಮುಚ್ಚಬೇಡಿ. ಯೂಟ್ಯೂಬ್ ವಿಷಯ ಆಮೇಲೆ ಹೇಳುತ್ತೇನೆ, ಮೊದಲು ನನ್ನ ಹಳೆಯ ಅಂಗಡಿಯ ಕತೆ ಕೇಳಿ.

ಬ್ಲಾಗಿಗೆ ಬರುವ ಮುಂಚೆ ನಾನು ಇಲ್ಲೇ ಬಸ್ ಸ್ಟ್ಯಾಂಡ್ ಹತ್ತಿರ ಜೆರಾಕ್ಸ್, ಡಿಟಿಪಿ ಅಂಗಡಿ ಇಟ್ಟಿದ್ದೆ. ಜೆರಾಕ್ಸ್ ಪ್ರತಿಗೆ ಒಂದು ರೂಪಾಯಿ. ಕಾಗದ, ಟೋನರ್, ಕರೆಂಟು ಕಳೆದರೆ ಕೈಗೆ ಸಿಗುತ್ತಿದ್ದುದು ಚಿಲ್ಲರೆ. ಇಡೀ ದಿನ ಕ್ಯೂ ಇದ್ದರೂ ಸಂಜೆ ಗಲ್ಲಾ ನೋಡಿದರೆ ಅಳು ಬರುತ್ತಿತ್ತು. ದುಡ್ಡು ಇದ್ದದ್ದು ಎಲ್ಲಿ ಗೊತ್ತಾ? ಪಹಣಿ ಜೆರಾಕ್ಸ್ ಮಾಡಿಸಲು ಬಂದವರು "ಹಂಗೇ ಈ ಅರ್ಜಿನೂ ತುಂಬಿಸಿ ಕೊಡಿ" ಅಂದಾಗ. ಜೆರಾಕ್ಸ್ ಜನರನ್ನು ಅಂಗಡಿಗೆ ಕರೆತರುತ್ತಿತ್ತು, ಅಷ್ಟೇ. ಹೊಟ್ಟೆ ತುಂಬಿಸುತ್ತಿದ್ದುದು ಆಮೇಲೆ ಅವರು ಕೇಳುತ್ತಿದ್ದ ಪ್ರಶ್ನೆ.

ಬ್ಲಾಗಿನಲ್ಲಿ ಪುಟ ನೋಡುವವರ ಲೆಕ್ಕ ಜೆರಾಕ್ಸ್ ಇದ್ದ ಹಾಗೆ. ಈ ಬುದ್ಧಿ ನನಗೆ ಬಂದಿದ್ದು ತುಂಬಾ ತಡವಾಗಿ. 2011ರಲ್ಲಿ ಶುರು ಮಾಡಿದೆ. ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳನ್ನೆಲ್ಲ ಯುನಿಕೋಡ್‌ಗೆ ತಿರುಗಿಸಿ, ಚೆಲ್ಲಾಪಿಲ್ಲಿಯಾದ ಒತ್ತಕ್ಷರಗಳನ್ನು ರಾತ್ರಿಯಿಡೀ ಕೂತು ತಿದ್ದಿದವನು ನಾನು. ಆಗ ನನ್ನ ಖಾಯಂ ಓದುಗರು, ಬೇರೆ ಬೇರೆ ಬ್ಲಾಗುಗಳ ಹೊಸ ಬರಹಗಳನ್ನು ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್‌ನಿಂದ ಬರುತ್ತಿದ್ದರು. 2013ರ ಜುಲೈ 1ಕ್ಕೆ ಅದನ್ನು ಮುಚ್ಚಿದರು, ಅವರೆಲ್ಲ ಎಲ್ಲಿ ಹೋದರೋ. ಫೇಸ್‌ಬುಕ್ ಪೇಜ್ ಕಟ್ಟಿದೆ. 2018ರ ಜನವರಿಯಲ್ಲಿ ಫೇಸ್‌ಬುಕ್‌ನವರು ಇನ್ಮೇಲೆ ಗೆಳೆಯರು, ನೆಂಟರ ಪೋಸ್ಟ್‌ಗೇ ಮೊದಲ ಮಣೆ ಅಂದರು. ನನ್ನ ಪೋಸ್ಟ್ ನನ್ನ ಹೆಂಡತಿಗೂ ಕಾಣಿಸದ ಹಾಗಾಯಿತು. ಆಮೇಲೆ ಪೂರ್ತಿ ಗೂಗಲ್ ಸರ್ಚ್ ಮೇಲೆ ಬಿದ್ದೆ. ನೀವು ಹೇಳುವ ಎಐ ಉತ್ತರಗಳು ಭಾರತದಲ್ಲಿ ಶುರುವಾಗಿದ್ದು 2024ರ ಆಗಸ್ಟ್‌ನಲ್ಲಿ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಅಂದರೆ ನಿಮ್ಮದು ಮೊದಲ ಪೆಟ್ಟು, ನನ್ನದು ಮೂರನೆಯದು.

ನಡುವೆ ಒಂದು ಹಬ್ಬವೂ ಬಂದಿತ್ತು. 2022ರಲ್ಲಿ ನಮ್ಮ ಗಿರಿ ತುಂಬ, ಹಲವು ವರ್ಷಕ್ಕೊಮ್ಮೆ ಮಾತ್ರ ಬಿಡುವ ನೀಲಕುರಿಂಜಿ ಹೂವು ಅರಳಿತಲ್ಲ, ಆಗ ನನ್ನ ಒಂದೇ ಒಂದು ಬರಹಕ್ಕೆ ಹದಿನೈದು ದಿನದಲ್ಲಿ ಬಂದಷ್ಟು ಜನ ಇಡೀ ವರ್ಷ ಬಂದಿರಲಿಲ್ಲ. ಇನ್ನು ಹೀಗೇ ಅಂದುಕೊಂಡು ಆ ದುಡ್ಡಲ್ಲಿ ದೊಡ್ಡ ಕ್ಯಾಮೆರಾ ತೆಗೆದುಕೊಂಡೆ. ಮುಂದಿನ ವರ್ಷ ಹೂವೂ ಇಲ್ಲ, ಓದುಗರೂ ಇಲ್ಲ, ಕ್ಯಾಮೆರಾಕ್ಕೆ ಫಂಗಸ್.

ಈಗ ನೀವು ಮಾಡಬೇಕಾದ ಕೆಲಸಕ್ಕೆ ಬರೋಣ. ನಿಮ್ಮ ಹಳೆಯ ಬರಹಗಳನ್ನು ಕೂತು ಓದಿ. "ಮುಳ್ಳಯ್ಯನಗಿರಿ 1930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ" ಅನ್ನುವ ಥರದ್ದನ್ನು ಯಂತ್ರ ಒಂದೇ ಸಾಲಿನಲ್ಲಿ ಹೇಳುತ್ತದೆ. ಅದಕ್ಕಾಗಿ ನಿಮ್ಮ ಪುಟಕ್ಕೆ ಇನ್ನು ಯಾರೂ ಬರುವುದಿಲ್ಲ. ಆ ಆಸೆ ಬಿಡಿ. ಹಳತಾಗಿ ಸುಳ್ಳಾದ ಬರಹಗಳನ್ನಂತೂ ಇವತ್ತೇ ತಿದ್ದಿ. ನನ್ನದೊಂದು ಬರಹದಲ್ಲಿ "ಬೆಳಿಗ್ಗೆ 5ಕ್ಕೆ ಹೊರಟರೆ ಗಿರಿಯಲ್ಲಿ ಆರಾಮಾಗಿ ಪಾರ್ಕಿಂಗ್ ಸಿಗುತ್ತದೆ" ಅಂತ ಇತ್ತು. ಈಗ ವಾಹನಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಬುಕ್ ಮಾಡಬೇಕಲ್ಲ, ನಾನು ತಿದ್ದಿರಲಿಲ್ಲ. ದಾವಣಗೆರೆಯ ಕುಟುಂಬವೊಂದು ಅದನ್ನು ನಂಬಿ ಬಂದು ಕೈಮರ ಚೆಕ್‌ಪೋಸ್ಟಿನಲ್ಲಿ ನಿಂತು ನನಗೇ ಫೋನ್ ಮಾಡಿತು. ಹಿಂದಿನ ಸೀಟಿನಲ್ಲಿ ಮಗು ಅಳುತ್ತಿತ್ತು. ಅವರು ಬೈದಿದ್ದು ತಪ್ಪು ಅನ್ನಲಾರೆ. ಕ್ಷಮೆ ಕೇಳಿ, ಹಿರೇಕೊಳಲೆ ಕೆರೆಗೆ ದಾರಿ ಹೇಳಿ, ಸಂಜೆ ಬೇಲೂರು ನೋಡಿಕೊಂಡು ಹೋಗಿ ಅಂದೆ. ಹಾಗೇ ಮಾಡಿದರು. ಈಗ ಅವರ ಬೀದಿಯವರೆಲ್ಲ ಚಿಕ್ಕಮಗಳೂರಿಗೆ ಬರುವ ಮುಂಚೆ ನನ್ನನ್ನೇ ಕೇಳುತ್ತಾರೆ.

ನನ್ನ ಬಳಿ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಬೇಲೂರು ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಳೇಬೀಡಿಗೆ ಯಾವ ಬಸ್ ಎಷ್ಟು ಹೊತ್ತಿಗೆ ನಿಜವಾಗಿ ಹೊರಟಿತು ಅಂತ ಪೆನ್ಸಿಲಿನಲ್ಲಿ ಬರೆಯುತ್ತೇನೆ. ಬೋರ್ಡಿನಲ್ಲಿರುವ ಸಮಯ ಬೇರೆ, ಕಂಡಕ್ಟರ್ ಟೀ ಕುಡಿದು ಬಂದ ಮೇಲೆ ಹೊರಡುವ ಸಮಯ ಬೇರೆ. ದಾರಿ ಹದಿನಾರೇ ಕಿಲೋಮೀಟರ್, ಆದರೆ ಕೊನೆಯ ಬಸ್ ತಪ್ಪಿದರೆ ಆಟೋದವರು ಹೇಳಿದ್ದೇ ರೇಟು. 2023ರಲ್ಲಿ ಹೊಯ್ಸಳ ದೇವಾಲಯಗಳು ಯುನೆಸ್ಕೊ ಪಟ್ಟಿಗೆ ಸೇರಿದಾಗ ಶಿಲ್ಪಕಲೆ ಬಗ್ಗೆ ನೂರು ಜನ ಬರೆದರು. ನಾನು ಬಸ್ಸಿನ ಬಗ್ಗೆ ಬರೆದೆ. ಇವತ್ತಿಗೂ ಆ ಪುಟದಿಂದಲೇ ಫೋನ್ ಬರುವುದು ಜಾಸ್ತಿ.

ಫೋನ್ ಬಂದವರಿಗೆ ಒಂದೇ ಮಾತು ಹೇಳುತ್ತೇನೆ: ನನ್ನ ನಂಬರ್ ಸೇವ್ ಮಾಡಿಕೊಳ್ಳಿ. ವಾಟ್ಸಾಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಗೆ, ಅಂದರೆ ಒಂದೇ ಸಂದೇಶವನ್ನು ಹಲವರಿಗೆ ಒಟ್ಟಿಗೆ ಕಳಿಸುವ ಪಟ್ಟಿಗೆ, 256 ಜನರ ಮಿತಿ, ಅದೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ಹೋಗುತ್ತದೆ. ಎಲ್ಲರೂ ಇದನ್ನು ತೊಂದರೆ ಅನ್ನುತ್ತಾರೆ. ನನಗೆ ಇದೇ ಸರಿಯಾದ ತಕ್ಕಡಿ. ಲಕ್ಷ ಜನ ನೋಡಿ ಹೋದರು ಅನ್ನುವುದಕ್ಕಿಂತ, ಎಷ್ಟು ಜನ ನನ್ನ ಹೆಸರನ್ನು ಫೋನಿನಲ್ಲಿ ಬರೆದಿಟ್ಟುಕೊಂಡರು ಅನ್ನುವುದು ಮುಖ್ಯ. ನನ್ನ ಬಳಿ ಈಗ ಇಂಥ ನಾಲ್ಕು ಪಟ್ಟಿ ಇವೆ. ವಾರಕ್ಕೊಮ್ಮೆ ದಾರಿ, ಮಳೆ, ಜನಸಂದಣಿ ಹೇಗಿದೆ ಅಂತ ನಾಲ್ಕು ಸಾಲು ಕಳಿಸುತ್ತೇನೆ. ಏಳು ಹೋಂಸ್ಟೇಯವರು ತಮ್ಮ ಕನ್ನಡ ಪುಟ ಬರೆದು ನೋಡಿಕೊಳ್ಳಲು ವರ್ಷಕ್ಕಿಷ್ಟು ಅಂತ ಕೊಡುತ್ತಾರೆ. ಪಕ್ಕದ ತೋಟದವರ ಕಾಳುಮೆಣಸು, ಕಾಫಿಪುಡಿ ಪಾರ್ಸೆಲ್ ಮಾಡುತ್ತೇನೆ. ಸಂಸಾರ ನಡೆಯುವುದು ಇದರಿಂದ. ಬ್ಲಾಗಿನಲ್ಲಿ ಗೂಗಲ್ ತೋರಿಸುವ ಜಾಹೀರಾತಿಗೆ ಸಿಗುವ ಆ್ಯಡ್‌ಸೆನ್ಸ್ ದುಡ್ಡು ಹೋಸ್ಟಿಂಗ್‌ಗೆ, ಪೆಟ್ರೋಲಿಗೆ ಸರಿಹೋಗುತ್ತದೆ.

ಇನ್ನು ಯೂಟ್ಯೂಬ್. ಮಾತಾಡುವುದು ನಿಮಗೆ ಇಷ್ಟವಿದ್ದರೆ ಧಾರಾಳವಾಗಿ ಮಾಡಿ. ಆದರೆ ಗೂಗಲ್ ಮೇಲಿನ ಸಿಟ್ಟಿಗೆ ಯೂಟ್ಯೂಬ್‌ಗೆ ಹೋಗುವುದು ಮನೆ ಬದಲಾಯಿಸಿದ ಹಾಗೆ, ಅಷ್ಟೇ. ಓನರ್ ಅವನೇ!

ದಿನಕ್ಕೆ ಹತ್ತು ಬರಹ ಎಐನಿಂದ ಬರೆಸಿ ಹಾಕಿದರೆ ತಿಂಗಳಿಗೆ ಒಳ್ಳೆ ದುಡ್ಡು ಬರುತ್ತದೆ ಎಂದು ಸ್ನೇಹಿತ ಹೇಳುತ್ತಾನೆ. ನಿಜವೇ?
– ವಿದ್ಯಾರ್ಥಿನಿ, ಹಾಸನ

ನೀವು ಹಾಸನದವರು, ಹಾಸನಾಂಬೆಯ ಉದಾಹರಣೆಯನ್ನೇ ಕೊಡುತ್ತೇನೆ. ಗುಡಿ ತೆಗೆಯುವುದು ವರ್ಷಕ್ಕೊಮ್ಮೆ, ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ. ಬಲಿಪಾಡ್ಯಮಿ ಆದ ಮೇಲೆ ಮುಚ್ಚುತ್ತಾರೆ. ಹಾಗಾಗಿ ತಾರೀಖು ಪ್ರತಿ ವರ್ಷ ಬದಲಾಗುತ್ತದೆ. ಆ ಹೊತ್ತಿಗೆ ಹುಡುಕಿ ನೋಡಿ, ಹೋದ ವರ್ಷದ ತಾರೀಖಿಗೆ ಈ ವರ್ಷದ ತಲೆಬರಹ ಅಂಟಿಸಿದ ಪುಟಗಳು ಸಾಲಾಗಿ ಸಿಗುತ್ತವೆ. ಯಂತ್ರ ಒಂದನ್ನು ನೋಡಿ ಇನ್ನೊಂದು ಬರೆದಿದೆ. ಬರೆಸಿದವರು ಓದಿಯೂ ಇಲ್ಲ.

ಗೂಗಲ್ 2024ರ ಮಾರ್ಚ್‌ನಲ್ಲೇ ನಿಯಮ ಬಿಗಿ ಮಾಡಿದೆ. ಸರ್ಚ್‌ನಲ್ಲಿ ಮೇಲೆ ಬರಲೆಂದೇ ರಾಶಿ ರಾಶಿ ಪುಟ ಸುರಿದರೆ, ಬರೆದದ್ದು ಮನುಷ್ಯನಾದರೂ ಯಂತ್ರವಾದರೂ, ಸೈಟನ್ನು ಕೆಳಗೆ ತಳ್ಳಬಹುದು, ಪೂರ್ತಿ ತೆಗೆದೂ ಹಾಕಬಹುದು. ಯಂತ್ರವನ್ನು ನಾನೂ ಬಳಸುತ್ತೇನೆ. ನಡೆಯುತ್ತಾ ಮಾತಾಡಿದ್ದನ್ನು ಅಕ್ಷರಕ್ಕಿಳಿಸಲು, ಕಾಗುಣಿತ ನೋಡಲು. ನೀವು ದಿನಕ್ಕೆ ಹತ್ತರ ಬದಲು ದರ್ಶನದ ಹದಿನೈದು ದಿನ, ದಿನಕ್ಕೊಂದು ಬರೆಯಿರಿ. ಕ್ಯೂ ಎಲ್ಲಿಯವರೆಗೆ ಬಂದಿದೆ, ಚಪ್ಪಲಿ ಎಲ್ಲಿ ಬಿಡಬೇಕು, ವಯಸ್ಸಾದವರಿಗೆ ಕೂರಲು ಜಾಗ ಇದೆಯೇ. ನಿಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರ, ಅಲ್ವಾ?

ರೆಸಾರ್ಟ್ ಒಂದು ಎರಡು ದಿನ ಉಚಿತ ವಾಸ್ತವ್ಯ ಕೊಟ್ಟು ಒಳ್ಳೆಯದು ಬರೆಯಿರಿ ಎನ್ನುತ್ತಿದೆ. ದುಡ್ಡು ತೆಗೆದುಕೊಂಡಿಲ್ಲವಲ್ಲ, ಜಾಹೀರಾತು ಎಂದು ಹೇಳಬೇಕೇ?
– ಬರಹಗಾರರು, ಸಕಲೇಶಪುರ

ಹೇಳಬೇಕು. ಪುಕ್ಕಟೆ ರೂಮು, ಊಟ, ಉಡುಗೊರೆ ಎಲ್ಲ ದುಡ್ಡಿನ ಲೆಕ್ಕಕ್ಕೇ ಸೇರುತ್ತದೆ. ಜಾಹೀರಾತು ಮಾನದಂಡ ಮಂಡಳಿ 2021ರಲ್ಲಿ, ಕೇಂದ್ರ ಗ್ರಾಹಕ ವ್ಯವಹಾರ ಇಲಾಖೆ 2023ರ ಜನವರಿಯಲ್ಲಿ ಇದನ್ನು ಸ್ಪಷ್ಟ ಮಾಡಿವೆ. ದಾರಿ ತಪ್ಪಿಸುವ ಜಾಹೀರಾತಿಗೆ ದಂಡ 10 ಲಕ್ಷ ರೂಪಾಯಿವರೆಗೂ ಹೋಗುತ್ತದೆ. ಬರಹದ ತುದಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದರೆ ಸಾಲದು, ಮೊದಲಲ್ಲೇ "ಇದು ಜಾಹೀರಾತು" ಅನ್ನಿ.

ನಾನೂ ಒಮ್ಮೆ ಹೀಗೆ ಒಂದು ಕಡೆ ಉಳಿದೆ. ರಾತ್ರಿ ಬಿಸಿನೀರು ಬರಲಿಲ್ಲ. ಬರೆಯಲು ಕೂತರೆ ಕೈ ಓಡಲಿಲ್ಲ. ಹೊಗಳಿದರೆ ಸುಳ್ಳು, ತೆಗಳಿದರೆ ಉಂಡ ಮನೆಗೆ ಎರಡು ಬಗೆದ ಹಾಗೆ. ಕೊನೆಗೆ ರೂಮಿನ ಬಾಡಿಗೆ ಕಳಿಸಿಕೊಟ್ಟು ಸುಮ್ನೆ ಕೂತೆ.

ಆ್ಯಡ್‌ಸೆನ್ಸ್ ದುಡ್ಡು ಕೈಗೆ ಯಾವಾಗ ಬರುತ್ತದೆ?
– ಹೊಸಬ, ಕಡೂರು

100 ಡಾಲರ್ ತುಂಬಿದ ಮೇಲೆ, ಮುಂದಿನ ತಿಂಗಳು 21ರಿಂದ 26ರ ಒಳಗೆ ಕಳಿಸುತ್ತಾರೆ. ಅದಕ್ಕೂ ಮೊದಲು 10 ಡಾಲರ್ ಆದಾಗ ಅಂಚೆಯಲ್ಲಿ ಒಂದು ಪಿನ್ ಬರುತ್ತದೆ, ವಿಳಾಸ ಸರಿಯಾಗಿ ಕೊಡಿ. ನನ್ನದು ಆಷಾಢದ ಮಳೆಯಲ್ಲಿ ನೆನೆದು ಬಂದು ಆರು ಅಂಕಿಯಲ್ಲಿ ನಾಲ್ಕು ಮಾತ್ರ ಓದಲು ಬಂದವು. ಮತ್ತೆ ತರಿಸಿಕೊಂಡೆ. ಹೊರದೇಶದ ದುಡ್ಡು ಬರಲು ಬೇಕಾದ ಸ್ವಿಫ್ಟ್ ಕೋಡ್ ಬ್ಯಾಂಕಿನಲ್ಲಿ ಕೇಳಿ ಇಟ್ಟುಕೊಂಡಿರಿ. ನಿಮ್ಮ ಶಾಖೆಗೆ ಇಲ್ಲದಿದ್ದರೆ ಅದೇ ಬ್ಯಾಂಕಿನ ಬೇರೆ ಶಾಖೆಯದ್ದು ಕೊಡುತ್ತಾರೆ.

ಹೆಣ್ಣು ನೋಡಲು ಹೋದಾಗ ಏನು ಕೆಲಸ ಎಂದು ಕೇಳಿದರೆ ಏನು ಹೇಳಲಿ?
– ಬ್ಲಾಗರ್, ಅರಸೀಕೆರೆ

ಬಾಯಲ್ಲಿ ಹೇಳಬೇಡಿ. ಮೂರು ವರ್ಷದ ಐಟಿ ರಿಟರ್ನ್ ತೆಗೆದುಕೊಂಡು ಹೋಗಿ. ನನ್ನ ಮದುವೆ ಮಾತುಕತೆಯಲ್ಲಿ ಅಪ್ಪ "ಡಿಟಿಪಿ ಅಂಗಡಿ ಇದೆ" ಅಂದುಬಿಟ್ಟಿದ್ದರು. ಅಂಗಡಿ ಮುಚ್ಚಿ ಆಗಲೇ ಎಂಟು ತಿಂಗಳಾಗಿತ್ತು. ನಾನು ನಿಜ ಹೇಳಿ ಕಾಗದ ಮುಂದಿಟ್ಟೆ. ಮಾವ ಕನ್ನಡಕ ಹಾಕಿಕೊಂಡು ಎರಡು ಸಲ ತಿರುವಿ ನೋಡಿದರು. "ನಮ್ಮ ಅರೇಬಿಕಾ ಕಾಫಿಗಿಂತ ಪರವಾಗಿಲ್ಲ, ಕಾಂಡ ಕೊರೆಯುವ ಬೋರರ್ ಹುಳದ ಕಾಟ ಇಲ್ಲ" ಅಂದರು.