ಸಂಧಿ ಬಿಡಿಸಿದ ಹಾಗೆ ಇಂಗ್ಲಿಷ್ ಪದ ಬಿಡಿಸಿ

ಕನ್ನಡ ಮೀಡಿಯಂನಿಂದ ಪಿಯುಸಿ ಸೈನ್ಸ್‌ಗೆ ಬಂದಿದ್ದೀನಿ, ಉದ್ದುದ್ದ ಇಂಗ್ಲಿಷ್ ಪದಗಳನ್ನು ಸಿಲಬಲ್, ಅಂದರೆ ಉಚ್ಚಾರಣೆಯ ತುಂಡು, ಮಾಡಿ ಬಾಯಿಪಾಠ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಶಹಾಪುರದ ಹತ್ತಿರದ ಹಳ್ಳಿಯಿಂದ ಕಲಬುರಗಿಗೆ ಬಂದಾಗ ನನ್ನ ಪಾಡೂ ಇದೇ ಆಗಿತ್ತು.

ಬಯಾಲಜಿಯಲ್ಲಿ ಫೋಟೊಸಿಂಥೆಸಿಸ್ ಬಂತು, ಅಂದರೆ ಗಿಡ ಬೆಳಕಿನಿಂದ ಆಹಾರ ಮಾಡಿಕೊಳ್ಳೋದು. ಇಂಗ್ಲಿಷ್‌ನಲ್ಲಿ 14 ಅಕ್ಷರ. ನಾನು ಮೂರು ಮೂರು ಅಕ್ಷರಕ್ಕೆ ಒಂದೊಂದು ತುಂಡು ಮಾಡಿದೆ. ಪಿ-ಎಚ್-ಓ, ಟಿ-ಓ-ಎಸ್, ವೈ-ಎನ್-ಟಿ, ಎಚ್-ಇ-ಎಸ್, ಕೊನೆಗೆ ಉಳಿದ ಐ-ಎಸ್. ಹಾಸ್ಟೆಲ್ ಮಾಳಿಗೆ ಮೇಲೆ ಓಡಾಡ್ತಾ ಜೋರಾಗಿ ಹೇಳಿ ಹೇಳಿ ಕಲಿತೆ. ಸ್ಪೆಲ್ಲಿಂಗ್ ಬಂತು. ಆದರೆ ನೋಡಿ, ಈ ಪದದಲ್ಲಿ ಟಿ-ಎಚ್ ಎರಡೂ ಸೇರಿ ಒಂದೇ ಸದ್ದು. ಅದನ್ನೇ ನಾನು ಎರಡು ತುಂಡಿಗೆ ಹಂಚಿಬಿಟ್ಟಿದ್ದೆ. ಸಿಂಥೆಸಿಸ್ ಅನ್ನೋ ಪದದ ಮೊದಲ ಎಸ್ ಹಿಂದಿನ ತುಂಡಿಗೆ ಹೋಗಿತ್ತು. ಅಂದರೆ ಸಿಂಥೆಸಿಸ್ ಅನ್ನೋ ಪದವೇ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಪರೀಕ್ಷೆಯಲ್ಲಿ ಪ್ರೋಟೀನ್ ಸಿಂಥೆಸಿಸ್ ಮೇಲೆ 5 ಅಂಕದ ಪ್ರಶ್ನೆ. ಮತ್ತೆ ಮೂರು ಮೂರು ಅಕ್ಷರ ಕತ್ತರಿಸಿದೆ. ಈ ಸಲ ಎಸ್-ವೈ-ಎನ್, ಟಿ-ಎಚ್-ಇ, ಎಸ್-ಐ-ಎಸ್. ನಡುವಿನದನ್ನು 'ದಿ' ಅಂತ ಓದಿದೆ. 'ಸಿನ್-ದಿ-ಸಿಸ್'. ಇದ್ಯಾವುದೋ ಹೊಸ ಪದ ಅಂತ ಬಿಟ್ಟು ಬಂದೆ. ಜೀವಕೋಶದೊಳಗೆ ಪ್ರೋಟೀನ್ ತಯಾರಾಗೋದು ಹೇಗೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಆ 5 ಅಂಕದ ಸಂಕಟ ಇವತ್ತಿಗೂ ಇದೆ.

ರೂಮಿನಲ್ಲಿದ್ದ ಸೀನಿಯರ್ ಅಣ್ಣ ಕೇಳಿದ್ರು: "ದ್ಯುತಿಸಂಶ್ಲೇಷಣೆ ಅನ್ನಲಿಕ್ಕೆ ಬರ್ತದಲ್ಲ ತಮ್ಮಾ? ಅದನ್ನೇನು ಮೂರು ಮೂರು ಅಕ್ಷರ ಕತ್ತರಿಸಿ ಕಲ್ತಿ? ದ್ಯುತಿ ಬ್ಯಾರೆ, ಸಂಶ್ಲೇಷಣೆ ಬ್ಯಾರೆ. ಇದನ್ನೂ ಹಂಗೇ ಬಿಡಸು."

ಫೋಟೊ ಅಂದರೆ ಬೆಳಕು, ಅದೇ ದ್ಯುತಿ. ಸಿಂಥೆಸಿಸ್ ಅಂದರೆ ಕೂಡಿಸಿ ಕಟ್ಟೋದು, ಅದೇ ಸಂಶ್ಲೇಷಣೆ. ಅಷ್ಟೇ.

ಅದಕ್ಕೇ ಹೇಳ್ತೀನಿ, ಬಾಯಿಪಾಠ ಬೇಡವೇ ಬೇಡ. ಸಿಲಬಲ್‌ನಿಂದ ಶುರುನೂ ಮಾಡಬೇಡಿ. ಮೊದಲು ಅರ್ಥ ಇರೋ ತುಂಡು ಹುಡುಕಿ. ಸಿಲಬಲ್ ಬೇಕಾಗೋದು ಆಮೇಲೆ, ಬಾಯಿ ತಿರುಗೋದಕ್ಕೆ. ಒಂದು ಸ್ವರದ ಸದ್ದಿಗೆ ಒಂದು ಸಿಲಬಲ್: ಫೋ-ಟೊ-ಸಿನ್-ಥೆ-ಸಿಸ್, ಐದು. ಅರ್ಥದ ತುಂಡು, ಸಿಲಬಲ್ ಎರಡೂ ಒಂದೇ ಅಂದುಕೊಂಡರೆ ಮತ್ತೆ ಎಡವುತ್ತೀರಿ. ಬಯಾಲಜಿಯನ್ನೇ ತಗೊಳ್ಳಿ. ಅರ್ಥದ ತುಂಡು ಬಯೊ (ಜೀವ) ಮತ್ತು ಲಜಿ (ಶಾಸ್ತ್ರ). ಬಾಯಲ್ಲಿ ಬರೋದು ಬಯ್-ಆ-ಲ-ಜಿ.

ಇವತ್ತೇ ಕ್ಲೋರೊಫಿಲ್ ಬಿಡಿಸಿ ನೋಡಿ. ಗ್ರೀಕ್ ಮೂಲದ ಪದ. ಕ್ಲೋರೊ ಹಸಿರು, ಫಿಲ್ ಎಲೆ. ಹೈಸ್ಕೂಲಿನಲ್ಲಿ ಪತ್ರಹರಿತ್ತು ಅಂತ ಓದಿದ್ದೀರಿ ಅಲ್ವಾ? ಪತ್ರ ಎಲೆ, ಹರಿತ್ತು ಹಸಿರು. ಹಿಂದುಮುಂದಾಗಿದೆ, ಅಷ್ಟೇ.