ಕೀಮೋ ಮುಗಿಸಿ ಮನೆಗೆ ಬಂದ ರಾತ್ರಿಗಳ ಭಯವನ್ನು ಹೇಗೆ ನಿಭಾಯಿಸಿದಿರಿ?

ಬೆಳಿಗ್ಗೆ ಡೇ ಕೇರ್‌ಗೆ ಹೋದರೆ ಸಂಜೆಗೇ ಮನೆಗೆ ಕಳಿಸುತ್ತಾರೆ, ರಾತ್ರಿ ಏನಾದರೂ ಆದರೆ ಏನು ಗತಿ ಅಂತ ಕೇಳಿದ್ದೀರಿ. ನನಗೂ ಡ್ರಿಪ್ ಹಾಕಿಸಿಕೊಳ್ಳುವಾಗ ಅಷ್ಟೇನೂ ಹೆದರಿಕೆ ಆಗುತ್ತಿರಲಿಲ್ಲ, ಪಕ್ಕದಲ್ಲೇ ನರ್ಸ್ ಇರುತ್ತಿದ್ದರು. ದಿಗಿಲು ಶುರುವಾಗುತ್ತಿದ್ದದ್ದು ಮನೆ ಬಾಗಿಲು ಹಾಕಿಕೊಂಡ ಮೇಲೆ.

ಸ್ತನ ಕ್ಯಾನ್ಸರ್‌ಗೆ ಮೂರು ವಾರಕ್ಕೊಂದರಂತೆ ನಾಲ್ಕು ಸೈಕಲ್, ಅಂದರೆ ನಾಲ್ಕು ಸುತ್ತು ಕೀಮೋ, ಡಾಕ್ಸೊರುಬಿಸಿನ್ ಜೊತೆ ಇನ್ನೊಂದು ಔಷಧಿ. ಮೊದಲ ಸಂಜೆ ನೋಡಿದರೆ ಮೂತ್ರ ಕೆಂಪಗೆ! ರಕ್ತವೇ ಅಂದುಕೊಂಡು ಗೋಡೆ ಹಿಡಿದು ನಿಂತುಬಿಟ್ಟೆ. ಫೋನ್ ಮಾಡಿದರೆ, ‘ಔಷಧಿದೇ ಬಣ್ಣ ಅದು, ಒಂದೆರಡು ದಿನಕ್ಕೆ ಹೋಗುತ್ತೆ’ ಅಂದರು. ಮೊದಲೇ ಹೇಳಬಾರದಿತ್ತಾ ಅಂತ ಸಿಟ್ಟು ಬಂತು. ಹೇಳಿದ್ದರೋ ಏನೋ, ಆ ದಿನ ನನ್ನ ತಲೆಗೆ ಏನೂ ಇಳಿದಿರಲಿಲ್ಲ.

ಆಮೇಲೆ ಒಂದು ನೋಟ್‌ಬುಕ್ ಇಟ್ಟೆ. ಎಡಪುಟದಲ್ಲಿ ತಕ್ಷಣ ಫೋನ್ ಮಾಡಬೇಕಾದವು. ಅದನ್ನು ನರ್ಸ್ ಕೈಯಲ್ಲೇ ಬರೆಸಿದೆ: ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ಗಡಗಡ ಚಳಿ ಬಂದರೆ, ಉಸಿರಾಟ ಕಷ್ಟವಾದರೆ, ಕುಡಿದ ನೀರೂ ನಿಲ್ಲದಷ್ಟು ವಾಂತಿಯಾದರೆ, ಡ್ರಿಪ್ ಚುಚ್ಚಿದ ಜಾಗ ಊದಿ ಉರಿದರೆ. ನಡುರಾತ್ರಿಯಾದರೂ ಸರಿ. ಸೋಂಕು ತಡೆಯುವ ಬಿಳಿ ರಕ್ತಕಣ ಸಾಮಾನ್ಯವಾಗಿ ಕೀಮೋ ಆದ 7ರಿಂದ 14ನೇ ದಿನದೊಳಗೆ ತೀರಾ ಇಳಿಯುತ್ತೆ. ಆಗ ಜ್ವರ ಬಂದರೆ ನೀವೇ ಪ್ಯಾರಾಸಿಟಮಾಲ್ ನುಂಗಿ ಮಲಗಬೇಡಿ. ಜ್ವರ ಇಳಿದೀತು, ಸೋಂಕು ಒಳಗೇ ಇರುತ್ತೆ. ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಬಲಪುಟ ಮುಂದಿನ ಸಲ ಕೇಳೋದಕ್ಕೆ. ಬಾಯಿ ರುಚಿ, ಉಗುರು ಕಪ್ಪಾಗೋದು, ರಕ್ತಕಣದ ಕೌಂಟ್ ಕಮ್ಮಿ ಅಂತ ಕೀಮೋವನ್ನು ಒಂದು ವಾರ ಮುಂದಕ್ಕೆ ಹಾಕಿದರೆ ಗಡ್ಡೆ ಬೆಳೆದುಬಿಡುತ್ತಾ, ಹೀಗೆ. ರಾತ್ರಿ ಮೂರು ಗಂಟೆಗೆ ಎದ್ದು ಬರೆದರೆ ಅಕ್ಷರ ಸೊಟ್ಟಗೆ, ಆದರೆ ಅದು ಬೆಳಗಿನವರೆಗೆ ತಲೆಯಲ್ಲಿ ಸುತ್ತುತ್ತಿರಲಿಲ್ಲ. ಅಂದಹಾಗೆ, ಮೊದಲೆರಡು ರಾತ್ರಿ ನಿದ್ದೆ ಬಾರದ್ದಕ್ಕೆ ನನ್ನ ಪುಕ್ಕಲುತನವನ್ನೇ ಬೈದುಕೊಂಡಿದ್ದೆ. ವಾಂತಿ ತಡೆಯಲೆಂದು ಕೊಡುವ ಡೆಕ್ಸಾಮೆಥಾಸೋನ್ ಮಾತ್ರೆ ಕೂಡ ನಿದ್ದೆ ಕೆಡಿಸುತ್ತೆ ಅಂತ ಬಲಪುಟದಿಂದಲೇ ಗೊತ್ತಾಯಿತು. ಮಾತ್ರೆಯನ್ನು ಬೆಳಗಿಗೆ ಬದಲಾಯಿಸಿಕೊಟ್ಟರು.

‘ಪಾಸಿಟಿವ್ ಆಗಿರು’ ಅನ್ನುವವರಿಂದ ನನಗಂತೂ ಪ್ರಯೋಜನವಾಗಲಿಲ್ಲ, ಅವರೆದುರು ನಗುಮುಖ ಹಾಕೋದೇ ಇನ್ನೊಂದು ಕೆಲಸ. ಮಾತಾಡದೆ ಥರ್ಮಾಮೀಟರ್ ತಂದುಕೊಡುತ್ತಿದ್ದ ನನ್ನ ಗಂಡನೇ ವಾಸಿ.

ನಾಲ್ಕನೇ ಸೈಕಲ್ ಹೊತ್ತಿಗೆ ಆಸ್ಪತ್ರೆಯ ಸ್ಪಿರಿಟ್ ವಾಸನೆಗೇ ಹೊಟ್ಟೆ ತೊಳಸುತ್ತಿತ್ತು. ನಾಚಿಕೆಯಿಂದ ಹೇಳಿರಲಿಲ್ಲ. ನಿಮಗೂ ಹಾಗಾದರೆ ಹೇಳಿಬಿಡಿ, ಅದಕ್ಕೂ ಮಾತ್ರೆ ಇದೆ, ಕೀಮೋದ ಹಿಂದಿನ ರಾತ್ರಿ ತಗೊಳ್ಳುವಂಥದ್ದು.