ಅಂತರ್ಜಾಲದ ಒಗಟುಗಳು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಂತರ್ಜಾಲದ ರಹಸ್ಯಗಳೆಂದು ಹೇಳಲಾಗುವ ಕಥೆಗಳಲ್ಲಿ ಬಹುಪಾಲು ಕಟ್ಟುಕಥೆಗಳೆಂಬುದು ನನ್ನ ಅನುಮಾನ. ನಿಜವಾದ ಒಗಟೊಂದು ನಿಜವಾಗಿಯೂ ಬಗೆಹರಿದ ಉದಾಹರಣೆ ಇದೆಯೇ?

ಉತ್ತರ: ಇದೆ, ಮತ್ತು ಅಂಥ ಪ್ರಕರಣಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಹಾಡಿನದು. 1984ರ ಸುಮಾರಿಗೆ ಜರ್ಮನಿಯ ಹುಡುಗನೊಬ್ಬ ಎನ್‌ಡಿಆರ್ ಬಾನುಲಿಯಲ್ಲಿ ಬರುತ್ತಿದ್ದ ಹಾಡುಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುತ್ತಿದ್ದ. ಅವುಗಳಲ್ಲೊಂದರ ಹೆಸರಾಗಲಿ, ಹಾಡಿದವರ ಹೆಸರಾಗಲಿ ಅವನಿಗೆ ತಿಳಿಯಲಿಲ್ಲ. 2007ರಲ್ಲಿ ಅವನ ಸಹೋದರಿ ಅದರ ತುಣುಕನ್ನು ಅಂತರ್ಜಾಲಕ್ಕೆ ಹಾಕಿ, ಇದು ಯಾರ ಹಾಡೆಂದು ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. 2019ರಿಂದೀಚೆಗೆ ರೆಡಿಟ್‌ನಲ್ಲಿ ಇದರ ಹುಡುಕಾಟಕ್ಕೆಂದೇ ದೊಡ್ಡ ಬಳಗವೊಂದು ಬೆಳೆದು, 'ಅಂತರ್ಜಾಲದ ಅತ್ಯಂತ ನಿಗೂಢ ಹಾಡು' ಎಂಬ ಹೆಸರು ಅದಕ್ಕೆ ಅಂಟಿಕೊಂಡಿತು.

ಹಾಡನ್ನು ಕೇಳಿಸಿದೊಡನೆ ಹೆಸರು ಹೇಳುವ ತಂತ್ರಾಂಶಗಳು ಇರುವಾಗ ಇದೇಕೆ ಕಷ್ಟವಾಯಿತೆಂದು ನೀವು ಕೇಳಬಹುದು. ಅಂಥ ತಂತ್ರಾಂಶಗಳು ಧ್ವನಿಯ ಗುರುತನ್ನು ತಮ್ಮ ಸಂಗ್ರಹದಲ್ಲಿರುವ ಹಾಡುಗಳ ಗುರುತಿನೊಂದಿಗೆ ಹೋಲಿಸಿ ನೋಡುತ್ತವೆ. ಮಾರುಕಟ್ಟೆಗೆ ಎಂದೂ ಬಾರದ ಹಾಡು ಆ ಸಂಗ್ರಹದಲ್ಲಿ ಇರುವುದೇ ಇಲ್ಲ. ಹಾಗಾಗಿ ಹುಡುಕುವವರು ಹಾಡನ್ನು ಬಿಟ್ಟು ಅದನ್ನು ಹೊತ್ತಿದ್ದ ಧ್ವನಿಮುದ್ರಣವನ್ನೇ ಪರೀಕ್ಷಿಸತೊಡಗಿದರು. ಅದರ ಧ್ವನಿಯ ಕಂಪನಾಂಕಗಳನ್ನು ಚಿತ್ರವಾಗಿ ಬಿಡಿಸಿದಾಗ 10 ಕಿಲೋಹರ್ಟ್ಸ್‌ನಲ್ಲಿ ಕಾಣುವ ಒಂದು ಸಣ್ಣ ಗೆರೆ ಅದೇ ಬಾನುಲಿಯ ಇತರ ಮುದ್ರಣಗಳಲ್ಲೂ ಸಿಕ್ಕಿದ್ದರಿಂದ ಪ್ರಸಾರದ ಮೂಲ ಖಚಿತವಾಯಿತು. ಹಾಡಿನಲ್ಲಿ ಕೇಳುವ ಸಿಂಥಸೈಸರ್ ಎಂಬ ವಿದ್ಯುನ್ಮಾನ ವಾದ್ಯ 1983ರಲ್ಲಿ ಮಾರುಕಟ್ಟೆಗೆ ಬಂದ ಯಮಾಹಾ ಡಿಎಕ್ಸ್7 ಇರಬೇಕೆಂದು ತಿಳಿದವರು ಹೇಳಿದ್ದರಿಂದ ಕಾಲದ ಮಿತಿಯೂ ಕಿರಿದಾಯಿತು. ಕೊನೆಗೆ ಆ ಬಾನುಲಿಯ ಸಂಗೀತೋತ್ಸವದಲ್ಲಿ ಭಾಗವಹಿಸಿದ್ದ ತಂಡಗಳನ್ನು ಹಳೆಯ ಪತ್ರಿಕೆಗಳಲ್ಲಿ ಹುಡುಕುತ್ತ ಹೋದ ಒಬ್ಬರಿಗೆ ಕೀಲ್ ನಗರದ 'ಫೆಕ್ಸ್' ಎಂಬ ತಂಡ ಸಿಕ್ಕಿತು. 2024ರ ನವೆಂಬರ್‌ನಲ್ಲಿ ಹಾಡಿನ ಹೆಸರು 'ಸಬ್‌ವೇಸ್ ಆಫ್ ಯುವರ್ ಮೈಂಡ್' ಎಂದು ಜಗತ್ತಿಗೆ ತಿಳಿಯಿತು. ಹಾಡಿದವರು ಬದುಕಿರುವಾಗಲೇ ಅವರ ಹಾಡು ಅವರಿಗೆ ಮರಳಿತೆಂಬುದು ನನಗೆ ಈ ಪತ್ತೆಗಾರಿಕೆಯಷ್ಟೇ ದೊಡ್ಡ ಸಂಗತಿ.

ಪ್ರಶ್ನೆ: 'ಸಿಕಾಡಾ 3301' ಎಂಬ ಒಗಟಿನ ಹಿಂದೆ ಬೇಹುಗಾರಿಕೆ ಸಂಸ್ಥೆಯೊಂದು ಇತ್ತೆಂದು ಕೇಳಿದ್ದೇನೆ. ಇದು ಎಷ್ಟರಮಟ್ಟಿಗೆ ನಿಜ?

ಉತ್ತರ: ಹಾಗೆಂದು ತೋರಿಸುವ ಪುರಾವೆ ಈವರೆಗೆ ಯಾವುದೂ ಹೊರಬಂದಿಲ್ಲ. 2012ರ ಜನವರಿ 4ರಂದು, ಹೆಸರು ಹೇಳದೆ ಬರೆಯಬಹುದಾದ 4ಚಾನ್ ತಾಣದಲ್ಲಿ ಕಪ್ಪು ಹಿನ್ನೆಲೆಯ ಚಿತ್ರವೊಂದು ಕಾಣಿಸಿಕೊಂಡಿತು. ತಾವು ಅತ್ಯಂತ ಬುದ್ಧಿವಂತರನ್ನು ಹುಡುಕುತ್ತಿರುವುದಾಗಿಯೂ ಈ ಚಿತ್ರದೊಳಗೆ ಸಂದೇಶವೊಂದು ಅಡಗಿರುವುದಾಗಿಯೂ ಅದರಲ್ಲಿ ಬರೆದಿತ್ತು. ಚಿತ್ರದ ಕಡತವನ್ನು ಪಠ್ಯವಾಗಿ ತೆರೆದವರಿಗೆ ಪ್ರತಿ ಅಕ್ಷರದ ಬದಲಿಗೆ ಕೆಲವು ಸ್ಥಾನ ಆಚೆಗಿನ ಅಕ್ಷರವನ್ನಿಟ್ಟು ಬರೆದ ಸಾಲೊಂದು ದೊರೆಯಿತು. ಅಲ್ಲಿಂದ ಸುಳಿವುಗಳ ಸರಪಳಿ ಪುಸ್ತಕದ ಪಠ್ಯವನ್ನೇ ಕೀಲಿಯಾಗಿಸಿಕೊಂಡ ಗೂಢಲಿಪಿ, ದೂರವಾಣಿ ಸಂಖ್ಯೆ, ಅವಿಭಾಜ್ಯ ಸಂಖ್ಯೆಗಳ ಗುಣಾಕಾರಗಳನ್ನು ಹಾದು, ವಾರ್ಸಾ, ಪ್ಯಾರಿಸ್, ಸಿಯೋಲ್, ಮಿಯಾಮಿ ಮೊದಲಾದ ನಗರಗಳ ಕಂಬಗಳಿಗೆ ಅಂಟಿಸಿದ್ದ ಭಿತ್ತಿಪತ್ರಗಳವರೆಗೆ ಹೋಯಿತು. ಇಷ್ಟು ಊರುಗಳಲ್ಲಿ ಕಾಗದ ಅಂಟಿಸಲು ಕೈಗಳು ಬೇಕಲ್ಲವೇ? ಬೇಹುಗಾರರ ಕುರಿತ ಊಹೆ ಹುಟ್ಟಿದ್ದು ಇಲ್ಲಿಂದಲೇ. ಆದರೆ ಹಲವು ದೇಶಗಳಲ್ಲಿ ಚದುರಿರುವ, ಒಂದೇ ಆಸಕ್ತಿಯ ಗೆಳೆಯರ ಗುಂಪಿಗೂ ಇದು ಅಸಾಧ್ಯವಾದ ಕೆಲಸವಲ್ಲ. ಮೊದಲ ವರ್ಷ ಕೊನೆಯ ಹಂತ ತಲುಪಿದೆವೆಂದು ಹೇಳಿಕೊಂಡಿರುವವರ ಮಾತಿನಂತೆ, ಅದು ಖಾಸಗಿತನ ಮತ್ತು ಮಾಹಿತಿ ಸ್ವಾತಂತ್ರ್ಯದಲ್ಲಿ ನಂಬಿಕೆಯಿದ್ದವರ ಕೂಟ.

ನನ್ನ ಗಮನ ಸೆಳೆಯುವುದು ಬೇರೆಯೇ ಸಂಗತಿ. ಈ ಗುಂಪು ತನ್ನ ಸಂದೇಶಗಳಿಗೆ ಪಿಜಿಪಿ ಎಂಬ ಗೂಢಲಿಪಿ ವಿಧಾನದಿಂದ ಸಹಿ ಹಾಕುತ್ತಿತ್ತು. ಗುಪ್ತ ಕೀಲಿ ಇರುವವರು ಮಾತ್ರ ಹಾಕಬಲ್ಲ ಆ ಸಹಿಯನ್ನು ಬಹಿರಂಗ ಕೀಲಿಯಿಂದ ಯಾರು ಬೇಕಾದರೂ ಪರಿಶೀಲಿಸಬಹುದಾದ್ದರಿಂದ, ಅನಾಮಿಕರಾಗಿ ಉಳಿದುಕೊಂಡೇ ತಮ್ಮ ಮಾತು ತಮ್ಮದೇ ಎಂದು ಸ್ಥಾಪಿಸಲು ಅವರಿಗೆ ಸಾಧ್ಯವಾಯಿತು. ಅನುಕರಣೆಯ ಅನೇಕ ನಕಲಿ ಒಗಟುಗಳು ಈ ಪರೀಕ್ಷೆಯಲ್ಲಿ ಬಿದ್ದುಹೋದವು. 2014ರಲ್ಲಿ ಹೊರಬಂದ, ಉತ್ತರ ಯುರೋಪಿನ ಪ್ರಾಚೀನ ರೂನ್ ಲಿಪಿಯ 'ಲೀಬರ್ ಪ್ರೀಮುಸ್' ಎಂಬ ಪುಸ್ತಕದ ಬಹುಪಾಲು ಪುಟಗಳನ್ನು ಮಾತ್ರ ಇನ್ನೂ ಯಾರೂ ಓದಲಾಗಿಲ್ಲ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಕೆಂಪು ಮತ್ತು ನೀಲಿ ಚೌಕಗಳಷ್ಟೇ ಇರುವ ಸಾವಿರಾರು ವಿಡಿಯೊಗಳನ್ನು ಯಾರು ಹಾಕಿದರು?

ಉತ್ತರ: ಸ್ವತಃ ಗೂಗಲ್. 'ವೆಬ್‌ಡ್ರೈವರ್ ಟಾರ್ಸೊ' ಎಂಬ ಆ ಖಾತೆಯಿಂದ 2013ರಿಂದ ಹನ್ನೊಂದು ಸೆಕೆಂಡುಗಳ ವಿಡಿಯೊಗಳು ಎಡೆಬಿಡದೆ ಬರತೊಡಗಿದಾಗ, ಇವು ಗೂಢಚಾರರಿಗೆ ಕಳುಹಿಸುವ ಸಂಕೇತಗಳೆಂದು ಹಲವರು ವಾದಿಸಿದ್ದರು. ವಿಡಿಯೊ ಗುಣಮಟ್ಟದ ಪರೀಕ್ಷೆಗೆ ಬಳಸುವ ಖಾತೆಯಿದೆಂದು 2014ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. ಏರಿಸಿದ ಆಕೃತಿ ಯಾವುದೆಂದು ಮೊದಲೇ ಗೊತ್ತಿದ್ದರೆ, ಸಂಕುಚಿತಗೊಂಡು ಮರಳಿ ಬಂದಾಗ ಅದು ಎಷ್ಟು ಕೆಟ್ಟಿದೆಯೆಂದು ಯಂತ್ರವೇ ಅಳೆಯಬಲ್ಲದು.

ಪ್ರಶ್ನೆ: 'ಮೋಮೊ' ಎಂಬ ಭಯಾನಕ ಮುಖದ ಸುದ್ದಿಯನ್ನು ನನ್ನ ಮಗಳು ಗೆಳತಿಯರಿಂದ ಕೇಳಿ ಬಂದು ಹೆದರಿದ್ದಾಳೆ. ಅವಳಿಗೆ ಏನು ಹೇಳಲಿ?

ಉತ್ತರ: ಆ ಮುಖ ಎಲ್ಲಿಂದ ಬಂತೆಂದು ಹೇಳಿ. ಜಪಾನಿನ ಕಲಾವಿದರೊಬ್ಬರು ಮಾಡಿದ, 2016ರಲ್ಲಿ ಟೋಕಿಯೊದ ಗ್ಯಾಲರಿಯೊಂದರಲ್ಲಿ ಪ್ರದರ್ಶನಗೊಂಡ ಪಕ್ಷಿದೇಹದ ಹೆಣ್ಣಿನ ಶಿಲ್ಪವದು. ಯಾರೋ ತೆಗೆದ ಅದರ ಫೋಟೊದಿಂದ ಮುಖವನ್ನಷ್ಟೇ ಕತ್ತರಿಸಿಕೊಂಡು, 2018ರಲ್ಲಿ ಮಕ್ಕಳಿಗೆ ಅಪಾಯಕಾರಿ ಸವಾಲುಗಳನ್ನು ಒಡ್ಡುವ ಜೀವಿಯೆಂಬ ಕಥೆಯನ್ನು ಅದಕ್ಕೆ ಹಚ್ಚಲಾಯಿತು. 2019ರ ಫೆಬ್ರವರಿಯಲ್ಲಿ ಬ್ರಿಟನ್ನಿನಲ್ಲಿ ಪೋಷಕರ ಆತಂಕ ತಾರಕಕ್ಕೇರಿದಾಗ, ಅಲ್ಲಿನ ಮಕ್ಕಳ ರಕ್ಷಣಾ ಸಂಸ್ಥೆಗಳು ಇದರಿಂದ ಯಾರಿಗೂ ಹಾನಿಯಾದ ಪುರಾವೆಯಿಲ್ಲವೆಂದು ಸ್ಪಷ್ಟಪಡಿಸಿದವು. ಕಥೆಯನ್ನು ಮಕ್ಕಳ ಕಿವಿಗೆ ತಲುಪಿಸಿದ್ದು ಬಹುಮಟ್ಟಿಗೆ ಹಿರಿಯರ ಎಚ್ಚರಿಕೆಯ ಸಂದೇಶಗಳೇ. ರಬ್ಬರ್ ಮತ್ತು ನೈಸರ್ಗಿಕ ಎಣ್ಣೆಗಳಿಂದ ಮಾಡಿದ್ದ ಆ ಶಿಲ್ಪ ಕೊಳೆತದ್ದರಿಂದ ಅದನ್ನು ಎಸೆದುಬಿಟ್ಟೆನೆಂದು ಕಲಾವಿದರೇ ಹೇಳಿದ್ದಾರೆ. ಇದನ್ನೂ ಮಗಳಿಗೆ ತಿಳಿಸಿ.

ಆದರೆ 'ಅದು ಬರೀ ಕಥೆ' ಎಂದಷ್ಟೇ ಹೇಳಿ ಮಾತು ಮುಗಿಸಬೇಡಿ. 2009ರಲ್ಲಿ ಚಿತ್ರ ತಿದ್ದುವ ಸ್ಪರ್ಧೆಯೊಂದಕ್ಕಾಗಿ ಎಲ್ಲರ ಕಣ್ಣೆದುರೇ ಸೃಷ್ಟಿಯಾದ 'ಸ್ಲೆಂಡರ್ ಮ್ಯಾನ್' ಎಂಬ ಪಾತ್ರವನ್ನು ನಿಜವೆಂದು ನಂಬಿದ ಹನ್ನೆರಡು ವರ್ಷದ ಇಬ್ಬರು ಹುಡುಗಿಯರು, 2014ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತಮ್ಮ ಸಹಪಾಠಿಯನ್ನೇ ಇರಿದರು, ಅವಳು ಬದುಕುಳಿದಳು. ಹುಟ್ಟು ಗೊತ್ತಿರುವ ಕಥೆಯೂ ಒಂಟಿಯಾಗಿ ಅದನ್ನು ಹೊತ್ತಿರುವ ಮಗುವಿನೊಳಗೆ ಬೇರೆಯೇ ರೂಪ ಪಡೆಯಬಹುದು. ಆದ್ದರಿಂದ ಅವಳು ಏನು ಕೇಳಿದಳು, ಯಾರಿಂದ ಕೇಳಿದಳು, ಅದರಲ್ಲಿ ಯಾವುದನ್ನು ನಂಬಿದ್ದಾಳೆ ಎಂಬುದನ್ನು ಅವಳ ಬಾಯಿಂದಲೇ ಪೂರ್ತಿ ಕೇಳಿಸಿಕೊಂಡು, ಆಮೇಲೆ ಶಿಲ್ಪದ ವಿಷಯ ಹೇಳಿ.